ಹಾಯ್ಟ್ ಲೆಡ್‌ಬೆಟರ್ ಗಾಳದ ಕೋಲು ಕೊಂಡಿದ್ದು

ಹಾಯ್ಟ್ ಲೆಡ್‌ಬೆಟರ್ ಏನಾದರೂ ಕೊಳ್ಳಲು ಹೊರಟಿದ್ದಾರೆ ಅಂತ ಗೊತ್ತಾದರೆ ನಮ್ಮೂರಿನ ಅಂಗಡಿಯವರಿಗೆ ಆಗಲೇ ಆಯಾಸ ಶುರುವಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರವನ್ನು ಆರಿಸಲು ಅವರು ಎರಡು ಬೇಸಿಗೆ ತೆಗೆದುಕೊಂಡರು. ಅಷ್ಟರಲ್ಲಿ ಅವರ ಮನೆಮುಂದಿನ ಹುಲ್ಲು ಎಷ್ಟು ಬೆಳೆಯಿತೆಂದರೆ ಪಕ್ಕದ ಮನೆಯ ನಾಯಿ ಅದರೊಳಗೆ ಹೊಕ್ಕಿದ್ದು ಅರ್ಧ ದಿನ ಯಾರಿಗೂ ಸಿಗಲಿಲ್ಲ. ಮದುವೆಯ ವಿಷಯದಲ್ಲೂ ಅಷ್ಟೇ. ನೆಲ್ಡಾ ಅವರ ಜೊತೆ ಆರು ವರ್ಷ ಓಡಾಡಿ, ಇನ್ನೂ ಯೋಚಿಸುತ್ತಲೇ ಇದ್ದಾಗ, ಒಂದು ಭಾನುವಾರ ಆಕೆಯೇ ಚರ್ಚಿನ ಮೆಟ್ಟಿಲ ಮೇಲೆ ಇವರನ್ನು ತಡೆದು ನಿಲ್ಲಿಸಿ, ಜೂನ್ ಹದಿನಾಲ್ಕಕ್ಕೆ ಬಿಳಿ ಅಂಗಿ ಹಾಕಿಕೊಂಡು ಬರಬೇಕೆಂದು ಹೇಳಿದರಂತೆ. ಇವರು ಬಂದರು. ಅಂಗಿಯನ್ನು ಮಾತ್ರ ಹೇಗೆ ಅಷ್ಟು ಬೇಗ ಆರಿಸಿದರೋ ಇವತ್ತಿಗೂ ತಿಳಿದಿಲ್ಲ.

ಅಲಬಾಮಾದ ಈ ಕೆರೆಯ ದಂಡೆಯಲ್ಲಿ ನನ್ನ ಅಪ್ಪ ಇಟ್ಟಿದ್ದ ಗಾಳದಂಗಡಿ ಈಗ ನನ್ನದು. ಎರೆಹುಳು, ಮಿಡತೆ, ಚಿಕ್ಕ ಜೀವಂತ ಮೀನು, ಐಸು, ಗೋಡೆಯುದ್ದಕ್ಕೂ ಗಾಳದ ಕೋಲುಗಳು. ಹಾಯ್ಟ್ ನನ್ನನ್ನು ನಾನು ಹಲ್ಲು ಬೀಳುವ ವಯಸ್ಸಿನವಳಾಗಿದ್ದಾಗಿಂದ ಬಲ್ಲರು. ಕೌಂಟಿಯ ಶಾಲಾ ಬಸ್ಸುಗಳನ್ನು ಮೂವತ್ತೊಂದು ವರ್ಷ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಇಂಜಿನ್ನಿನೊಳಗೆ ಎಲ್ಲಿ ಸದ್ದು ಕೆಟ್ಟಿದೆ ಅಂತ ಹುಡುಕಲು ಅವರಿಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕಿತ್ತು. ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಡಾಕ್ಟರ ಹಾಗೆ.

ಆದರೆ ಅಷ್ಟು ವರ್ಷ ಇಂಜಿನ್ನುಗಳ ಮಧ್ಯೆ ಕಳೆದ ಕಿವಿ ಈಚೆಗೆ ಕೈಕೊಟ್ಟಿತ್ತು. ಅದು ಊರಿಗೆಲ್ಲ ಗೊತ್ತು, ಅವರಿಗೊಬ್ಬರಿಗೆ ಬಿಟ್ಟು. ಅವರ ಮನೆಯ ಟಿವಿ ಹಾಕಿದರೆ ಮೂರು ಮನೆಯವರು ಹವಾಮಾನ ತಿಳಿದುಕೊಳ್ಳುತ್ತಿದ್ದರು. ಯಾರಾದರೂ ಕಿವಿಯ ಮಾತೆತ್ತಿದರೆ, ಈಗಿನವರಿಗೆ ಬಾಯಿಬಿಟ್ಟು ಮಾತಾಡುವುದೇ ಮರೆತುಹೋಗಿದೆ ಅನ್ನುತ್ತಿದ್ದರು.

ಫೆಬ್ರವರಿ ಕೊನೆಯಲ್ಲಿ ಅವರ ಇಪ್ಪತ್ತೆರಡು ವರ್ಷದ ಹಳೆಯ ಕೋಲು ಪಿಕಪ್ ಗಾಡಿಯ ಬಾಗಿಲಿಗೆ ಸಿಕ್ಕಿ ಮುರಿಯಿತು. ಬಾಗಿಲು ಹಾಕಿದ್ದು ಅವರೇ. ಬಾಸ್ ಮೀನು ಮೊಟ್ಟೆಯಿಡಲು ದಡದ ಕಡೆ ಬರುವ ಕಾಲಕ್ಕೆ ಇನ್ನೊಂದು ತಿಂಗಳಷ್ಟೇ ಇತ್ತು. ಮಾರನೆಯ ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಉಣ್ಣೆಯ ಕಾಲುಚೀಲ, ಅದರೊಳಗೆ ದಾರ ಸುತ್ತುವ ಅವರ ರೀಲು.

"ರಾಂಡಾ, ಒಂದು ಕೋಲು ಬೇಕಮ್ಮ" ಅಂದರು. "ಐವತ್ತು ಡಾಲರಿಗಿಂತ ಕಡಿಮೇದು ಆಟದ ಸಾಮಾನು. ನೂರು ದಾಟಿತೋ, ಮಿಕ್ಕ ದುಡ್ಡೆಲ್ಲ ಬಣ್ಣಕ್ಕೆ ಕೊಟ್ಟ ಹಾಗೆ. ಮಧ್ಯದಲ್ಲಿರೋದು ತೋರಿಸು."

ಮಧ್ಯದಲ್ಲಿ ಹನ್ನೊಂದು ಕೋಲುಗಳಿದ್ದವು. ಆ ಮಾರ್ಚ್ ತಿಂಗಳು ನಮ್ಮ ಅಂಗಡಿಯಲ್ಲಿ ಹೇಗೆ ಕಳೆಯಿತು ಅಂತ ಇನ್ನು ಹೇಳಬೇಕಾಗಿಲ್ಲ.

ಒಪ್ಪಿಕೊಳ್ಳುತ್ತೇನೆ, ಕೋಲು ನೋಡುವುದು ಹೇಗೆ ಅಂತ ಅವರಿಗೆ ಗೊತ್ತಿತ್ತು. ಮೊದಲ ಶನಿವಾರ ಒಂದೊಂದನ್ನೂ ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು, ದಾರ ಹಾಯುವ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿವೆಯೇ ಅಂತ ನೋಡಿದರು. ಎರಡು ಕೋಲು ಅಲ್ಲಿಗೇ ಹೋದವು. ಎರಡನೆಯ ಶನಿವಾರ ತುದಿಯನ್ನು ಛಾವಣಿಗೆ ಒತ್ತಿ ಬಾಗಿಸಿದರು. ಬಾಸ್ ಮೀನಿಗೆ ಕೋಲು ತುದಿಯಲ್ಲಿ ಮಾತ್ರ ಬಾಗಬೇಕು, ಬೆನ್ನು ಗಟ್ಟಿಯಿರಬೇಕು. ಇಲ್ಲದಿದ್ದರೆ ನೀರೊಳಗಿನ ಕಳೆಯಿಂದ ಮೀನನ್ನು ಎಳೆದು ತರಲಾಗುವುದಿಲ್ಲ. ಬೆನ್ನಿಲ್ಲದ ಮೂರು ಕೋಲುಗಳು ಗೋಡೆಗೆ ವಾಪಸಾದವು. ನಾಲ್ಕನೆಯದು ಫ್ಯಾನಿಗೆ ತಗುಲಿತು. ಅದಕ್ಕೆ ಪೆಟ್ಟಾಗಲಿಲ್ಲವಾದರೂ, ಫ್ಯಾನಿಗೆ ಹೆದರುವ ಕೋಲು ತನಗೆ ಬೇಡ ಅಂದರು.

ಮೂರನೆಯ ಶನಿವಾರ ಜೇಬಿನಿಂದ ಹೆಂಗಸರ ತೆಳುವಾದ ನೈಲಾನ್ ಕಾಲುಚೀಲವೊಂದನ್ನು ಎಳೆದು ತೆಗೆದರು. ನಮ್ಮ ಚರ್ಚಿನ ಪಾಸ್ಟರ್ ಬೂನ್ ಅದೇ ಹೊತ್ತಿಗೆ ಮಿಡತೆ ಕೊಳ್ಳಲು ಬಂದಿದ್ದರು. ಹಾಯ್ಟ್ ಆ ಚೀಲವನ್ನು ಒಂದೊಂದು ಉಂಗುರದೊಳಗೂ ತೂರಿಸಿ ನಯವಾಗಿ ಎಳೆಯತೊಡಗಿದರು. ಉಂಗುರದೊಳಗೆ ಎಲ್ಲಾದರೂ ಒರಟಿದ್ದರೆ ನೈಲಾನು ಸಿಕ್ಕಿಕೊಳ್ಳುತ್ತದೆ, ನಾಳೆ ದಾರವನ್ನೂ ಅದೇ ಕತ್ತರಿಸುತ್ತದೆ. ಪಾಸ್ಟರ್ ನೋಡುತ್ತಿರುವುದು ಕಂಡು, "ಇದು ನೆಲ್ಡಾದು" ಅಂತ ಗಂಭೀರವಾಗಿ ತಿಳಿಸಿದರು. ಪಾಸ್ಟರ್, ತಮಗೆ ಆ ಬಗ್ಗೆ ಯಾವ ಅನುಮಾನವೂ ಬಂದಿರಲಿಲ್ಲ ಅಂದು, ನನ್ನ ಕಡೆ ತಿರುಗಿ, ಬೈಬಲಿನ ನೋಹ ಇಷ್ಟು ದಿನದಲ್ಲಿ ಪ್ರಳಯದ ನಾವೆಯನ್ನು ಅರ್ಧ ಕಟ್ಟಿದ್ದ ಅಂದರು. ಹಾಯ್ಟ್ ತಲೆಯಾಡಿಸಿ, ಹೌದು, ಮಧ್ಯಾಹ್ನ ಮಳೆ ಬಂದರೂ ಬರಬಹುದು ಅಂದರು.

ಎರಡು ಕೋಲುಗಳು ನೈಲಾನಿಗೆ ಸಿಕ್ಕಿಬಿದ್ದವು. ಉಳಿದದ್ದು ಮೂರು.

ನಾಲ್ಕನೆಯ ಶನಿವಾರ ಬಂದಾಗ ಅವರಿಗೆ ಕೊನೆಯ ಪರೀಕ್ಷೆಯೊಂದು ಬಾಕಿಯಿತ್ತು. ಬಾಸ್ ಮೀನು ಗಾಳಕ್ಕೆ ಸಿಕ್ಕಿಸಿ ತಳಕ್ಕೆ ಬಿಟ್ಟ ರಬ್ಬರು ಹುಳುವನ್ನು ಕಚ್ಚುವಾಗ ಜಗ್ಗುವುದಿಲ್ಲ. ಸುಮ್ಮನೆ ಬಾಯೊಳಗೆ ಎಳೆದುಕೊಳ್ಳುತ್ತದೆ. ಬೆರಳಿನಿಂದ ಒಮ್ಮೆ ತಟ್ಟಿದಷ್ಟು ಸುದ್ದಿ ದಾರದಲ್ಲಿ ಬರುತ್ತದೆ, ಅಷ್ಟೇ. ಅದನ್ನು ಕೈಗೆ ಮುಟ್ಟಿಸುವ ಕೋಲೇ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೋಲು. ಅದನ್ನು ತಿಳಿಯುವ ದಾರಿಯೂ ನಮ್ಮ ಕಡೆ ಒಂದಿದೆ. ಒಬ್ಬರು ಕೋಲಿನ ತುದಿಯನ್ನು ಗಂಟಲಿಗೆ ತಾಗಿಸಿಕೊಂಡು ಮಾತಾಡಬೇಕು, ಹಿಡಿ ಹಿಡಿದವರಿಗೆ ಅದರ ನಡುಕ ತಿಳಿಯಬೇಕು.

ನಾನು ಗಂಟಲು ಕೊಟ್ಟೆ. ಗೋಡೆಯ ಮೇಲಿನ ದರಪಟ್ಟಿ ಓದಿದೆ. ಹಾಯ್ಟ್ ಹಿಡಿಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಸಾಲದು ಅನ್ನಿಸಿರಬೇಕು. ಮೂವತ್ತೊಂದು ವರ್ಷದ ಅಭ್ಯಾಸ, ಹಿಡಿಯ ಬುಡವನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ನಿನಗೆ ನೆಗಡಿ ಆಗಿದೆಯಲ್ಲ" ಅಂದರು.

ಆಗಿತ್ತು, ಒಂದು ವಾರದಿಂದ. ಆ ಬೆಳಿಗ್ಗೆಯೇ ಎರಡು ಸಲ ಅದನ್ನು ಅವರಿಗೆ ಹೇಳಿದ್ದೆ. ನಾನು ದನಿ ತಗ್ಗಿಸಿ, ಪಿಸುಮಾತಿಗಿಂತ ಸ್ವಲ್ಪವೇ ಜೋರಾಗಿ, ನೆಲ್ಡಾ ಹೇಗಿದ್ದಾರೆ ಅಂತ ಕೇಳಿದೆ. ಚೆನ್ನಾಗಿದ್ದಾಳೆ, ಗಾಡಿಯಲ್ಲಿ ಕೂತಿದ್ದಾಳೆ ಅಂದರು. ಕೋಲು ಕೆಳಗಿಟ್ಟ ಮೇಲೆ ಎರಡಡಿ ದೂರದಿಂದ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದೆ. ಅವರು ರೀಲನ್ನು ಚೀಲಕ್ಕೆ ಸೇರಿಸುತ್ತಾ, ಮುಂದಿನ ವಾರ ತೀರ್ಮಾನ ಮಾಡುತ್ತೇನೆ ಅಂದರು.

ನಾನು ಅವರ ಹಿಂದೆಯೇ ಹೊರಗೆ ಹೋದೆ. ಅವರು ಹಲಗೆ ದಾರಿಯಲ್ಲಿ ನಿಂತು ನೀರು ನೋಡುತ್ತಿರುವಾಗ ಗಾಡಿಯ ಕಿಟಕಿಗೆ ಬಗ್ಗಿ ನೆಲ್ಡಾ ಅವರಿಗೆ ನಡೆದದ್ದನ್ನು ಹೇಳಿದೆ. ಆಕೆ, ಬರುವ ವಾರ ತಾನೂ ಒಳಗೆ ಬರುತ್ತೇನೆ ಅಂದರು.

ಹಾಗೆಯೇ ಬಂದರು. ಚರ್ಚಿನ ಸಂಜೆಯೂಟಕ್ಕೆಂದು ಮಾಡಿದ ಕೋಳಿ ಮತ್ತು ಅನ್ನದ ದೊಡ್ಡ ಪಾತ್ರೆಯನ್ನು ಗಾಡಿಯಲ್ಲೇ ಬಿಟ್ಟು, ನೆಟ್ಟಗೆ ಕೋಲುಗಳ ಹತ್ತಿರ ನಡೆದು, ಇವತ್ತು ಗಂಟಲು ತನ್ನದು ಅಂತ ಸನ್ನೆ ಮಾಡಿದರು. ಹಾಯ್ಟ್‌ಗೆ ಆಶ್ಚರ್ಯವಾಯಿತು, ಖುಷಿಯೂ ಆಯಿತು. ಹೆಂಡತಿ ಗಾಳದ ಕೋಲಿನಲ್ಲಿ ಆಸಕ್ತಿ ತೋರಿಸಿದ್ದು ಎಷ್ಟೋ ವರ್ಷಗಳ ಮೇಲೆ. ಮೂರರಲ್ಲಿ ಒಂದನ್ನು ಎತ್ತಿಕೊಂಡರು. ಏಳಡಿ ಉದ್ದ, ಕಾರ್ಕಿನ ಹಿಡಿ, ಯಾವ ಅಲಂಕಾರವೂ ಇಲ್ಲದ ಕಂದು ಬಣ್ಣ, ಎಪ್ಪತ್ತೊಂಬತ್ತು ಡಾಲರು. ತುದಿಯನ್ನು ಆಕೆಯ ಕೈಗೆ ಕೊಟ್ಟು, ಬುಡವನ್ನು ಮೂಳೆಗೆ ಒತ್ತಿಕೊಂಡರು.

"ಏನಾದ್ರೂ ಹೇಳು" ಅಂದರು.

ನೆಲ್ಡಾ ತುದಿಯನ್ನು ಗಂಟಲಿಗೆ ಇಟ್ಟುಕೊಂಡರು. ಮನೆಯಲ್ಲಿ ಕೂಗಿ ಕೂಗಿ ಅಭ್ಯಾಸವಾಗಿದ್ದ ಆಕೆಗೆ ಮೆಲ್ಲಗೆ ಶುರುಮಾಡುವುದು ಕಷ್ಟವಾಯಿತೇನೋ, ಒಮ್ಮೆ ಬಾಯಿ ತೆರೆದು ಮುಚ್ಚಿದರು.

"ಪಾಲೆಟ್ ಬಸುರಿ, ಹಾಯ್ಟ್" ಅಂದರು. "ಆಗಸ್ಟ್‌ನಲ್ಲಿ ಹೆರಿಗೆ."

ಪಾಲೆಟ್ ಅವರ ಒಬ್ಬಳೇ ಮಗಳು, ಹಂಟ್ಸ್‌ವಿಲ್‌ನಲ್ಲಿ ದಾದಿಯಾಗಿದ್ದಾಳೆ. ಮದುವೆಯಾಗಿ ಹನ್ನೊಂದು ವರ್ಷ. ಇನ್ನು ಮಕ್ಕಳಾಗುವುದಿಲ್ಲ ಅಂತ ಎಲ್ಲರೂ ಆ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಹಾಯ್ಟ್ ಕಣ್ಣು ತೆರೆದರು, ಕೋಲನ್ನು ಮಾತ್ರ ಕದಲಿಸಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಮೂರು ಸಲ ಹೇಳಿದೀನಿ. ಮೊದಲನೇ ಸಲ ನೀನು, ಸರಿ ಅಂದೆ. ಎರಡನೇ ಸಲ, ಫ್ರಿಜ್‌ನಲ್ಲಿ ಇಡು ಅಂದೆ. ಮೂರನೇ ಸಲ, ಅದೆಲ್ಲ ನಮಗ್ಯಾಕೆ, ವಾಪಸ್ ಕೊಟ್ಬಿಡು ಅಂದೆ." ಆಕೆಯ ದನಿ ಏರಲಿಲ್ಲ. "ಅಪ್ಪನಿಗೆ ಖುಷಿಯಾಗ್ಲಿಲ್ವಾ ಅಂತ ಅವಳು ಫೋನ್ ಮಾಡಿದಾಗಲೆಲ್ಲ ಕೇಳ್ತಾಳೆ. ನಾನು ಏನಂತ ಹೇಳ್ಲಿ?"

ಪಾಸ್ಟರ್ ಬೂನ್ ಆವತ್ತೂ ಅಲ್ಲಿದ್ದರು. ಅವರು ಮಿಡತೆಗಳ ಡಬ್ಬಿಯನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ನಾನು ಮೊದಲು ಕಂಡಿಲ್ಲ. ನಾನು ಗಲ್ಲಾಪೆಟ್ಟಿಗೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಹಾಯ್ಟ್ ಕೋಲಿನ ಬುಡವನ್ನು ಮೂಳೆಗೆ ಇನ್ನಷ್ಟು ಒತ್ತಿಕೊಂಡರು.

"ನನಗೆ ಕೇಳಿಸ್ಲಿಲ್ಲ, ನೆಲ್ಡಾ."

ಆ ಮಾತನ್ನು ಅವರು ಒಪ್ಪಿಕೊಂಡದ್ದು ಅದೇ ಮೊದಲು. ಆಕೆ ಕೋಲಿನ ತುದಿಯನ್ನು ತೆಗೆಯಲು ಹೋದರೆ ಬಿಡಲಿಲ್ಲ. ಇನ್ನೊಂದು ಸಲ ಹೇಳು ಅಂದರು. ಆಕೆ ಹೇಳಿದರು. ಆಗಸ್ಟ್‌ನಲ್ಲಿ ಯಾವ ತಾರೀಕು ಅಂತ ಕೇಳಿದರು. ಇಪ್ಪತ್ತರ ಸುಮಾರಿಗೆ ಅಂದರು. ಪಾಲೆಟ್ ಚೆನ್ನಾಗಿ ಊಟ ಮಾಡುತ್ತಾಳಾ, ಕೆಲಸಕ್ಕೆ ಇನ್ನೂ ಹೋಗುತ್ತಾಳಾ, ಒಂದಾದ ಮೇಲೊಂದು ಕೇಳುತ್ತಲೇ ಹೋದರು. ಏಳಡಿಯ ಕೋಲಿನ ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಹೆಂಡತಿ, ಐಸಿನ ಪೆಟ್ಟಿಗೆಗೆ ಬಂದವರು ಇಬ್ಬರ ಮಧ್ಯೆ ಬಗ್ಗಿ ದಾಟಿಹೋಗಬೇಕಾಯಿತು.

ಉಳಿದ ಎರಡು ಕೋಲುಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ದುಡ್ಡು ಕೊಟ್ಟು ಹೊರಟರು, ನಾನು ರಸೀದಿ ಹಿಡಿದು ಹಿಂದೆ ಓಡಿದೆ. ಗಾಡಿ ಚರ್ಚಿನ ಕಡೆ ತಿರುಗುವ ಬದಲು ಹಂಟ್ಸ್‌ವಿಲ್ ದಾರಿ ಹಿಡಿಯಿತು, ಕೋಳಿಯನ್ನದ ಪಾತ್ರೆಯ ಸಮೇತ. ಆ ಸಂಜೆ ಚರ್ಚಿನಲ್ಲಿ ನಾವೆಲ್ಲ ಬೀನ್ಸು, ಜೋಳದ ರೊಟ್ಟಿ ತಿಂದು ಎದ್ದೆವು.

ಮಗಳ ಮನೆಯಲ್ಲಿ ಏನಾಯಿತು ಅಂತ ನೆಲ್ಡಾ ಆಮೇಲೆ ಹೇಳಿದರು. ಬಾಗಿಲು ತೆರೆದ ಪಾಲೆಟ್‌ಳ ಎದುರು ಹಾಯ್ಟ್ ಆ ಪಾತ್ರೆಯನ್ನೇ ಕೈಗೆ ಕೊಟ್ಟರಂತೆ. ಅವಳು ಅದನ್ನು ಹಿಡಿದುಕೊಂಡೇ ಅತ್ತಳಂತೆ. ಭಾರವಾದ ಪಾತ್ರೆ, ಬಸುರಿಯ ಕೈಯಲ್ಲಿ, ಇಬ್ಬರಿಗೂ ಬುದ್ಧಿಯಿಲ್ಲ ಅಂತ ನೆಲ್ಡಾ ತಾವೇ ಅದನ್ನು ಇಸಿದುಕೊಂಡು ಒಳಗೆ ಹೋದರಂತೆ.

ಕಿವಿಯ ಡಾಕ್ಟರ ಹತ್ತಿರ ಮರುವಾರವೇ ಹೋದರು. ಕಿವಿಯೊಳಗಿನ ಸಣ್ಣ ಮೂಳೆಗಳು ಬಿಗಿದುಕೊಂಡಿವೆ, ಅದಕ್ಕೇ ಗಾಳಿಯಲ್ಲಿ ಬರುವ ಮಾತು ಒಳಗೆ ಹೋಗುತ್ತಿಲ್ಲ, ಮೂಳೆಯ ಮೂಲಕ ಹೋದರೆ ಕೇಳುತ್ತದೆ ಅಂತ ಡಾಕ್ಟರು ವಿವರಿಸಿದರಂತೆ. ಮೇಜಿನ ಮೇಲೆ ಆರು ಬಗೆಯ ಕಿವಿಯ ಯಂತ್ರಗಳನ್ನಿಟ್ಟರು. ಹಾಯ್ಟ್ ಕನ್ನಡಕ ಒರೆಸಿಕೊಂಡು ಮೊದಲನೆಯದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ನೆಲ್ಡಾ ಮೂರನೆಯದರ ಮೇಲೆ ಬೆರಳಿಟ್ಟು, ಇದು, ಅಂದರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಎರಡು ವಾರ ಅವರಿಗೆ ಪ್ರಪಂಚದ ಮೇಲೆ ದೂರು. ಫ್ರಿಜ್ ಗೊಣಗುತ್ತದೆ, ನನ್ನ ಅಂಗಡಿಯ ಬಾಗಿಲು ಕಿರುಚುತ್ತದೆ, ಪಾಸ್ಟರ ಉಪದೇಶ ಇಷ್ಟು ಉದ್ದ ಅಂತ ಯಾರೂ ತನಗೆ ಹೇಳಿರಲಿಲ್ಲ. ನೆಲ್ಡಾ ಅಡಿಗೆಮನೆಯಲ್ಲಿ ಇಡೀ ದಿನ ಗುನುಗುತ್ತಿರುತ್ತಾಳೆ, ಇದು ಯಾವಾಗ ಶುರುವಾಯಿತು ಅಂತ ನನ್ನನ್ನು ಕೇಳಿದರು. ನೆಲ್ಡಾ ಅವರು ಗುನುಗದ ದಿನ ನನಗೆ ನೆನಪಿಲ್ಲ ಅಂದೆ. ಆವತ್ತು ಅವರು ಮತ್ತೇನೂ ದೂರು ಹೇಳದೆ ಎರೆಹುಳು ತೆಗೆದುಕೊಂಡು ಹೋದರು.

ಏಪ್ರಿಲ್ ಮೂರನೆಯ ವಾರ ಇಬ್ಬರೂ ದೋಣಿಯಲ್ಲಿ ಹೋದರು. ಮದುವೆಯಾದ ಹೊಸದರಲ್ಲಿ ಆಕೆ ಹೋಗುತ್ತಿದ್ದರು. ಮೀನಿಗೆ ಮಾತು ಆಗುವುದಿಲ್ಲ ಅಂತ ಹಾಯ್ಟ್ ಬಾಯಿ ಮುಚ್ಚಿಸುತ್ತಿದ್ದರಿಂದ ಬೇಜಾರಾಗಿ ಬಿಟ್ಟಿದ್ದರಂತೆ. ಮಧ್ಯಾಹ್ನ ತಿರುಗಿ ಬಂದಾಗ ಹೊಸ ಕೋಲು ನೆಲ್ಡಾ ಕೈಯಲ್ಲೇ ಇತ್ತು. ಬೆಳಿಗ್ಗೆ ಒಂದು ಸಲ ಹಿಡಿದು ನೋಡಲು ತೆಗೆದುಕೊಂಡವರು ಮತ್ತೆ ಕೊಟ್ಟಿರಲಿಲ್ಲ. ನಾಲ್ಕು ಬಾಸ್ ಹಿಡಿದು ನಾಲ್ಕನ್ನೂ ನೀರಿಗೆ ಬಿಟ್ಟಿದ್ದರು, ಅದರಲ್ಲೊಂದು ಆರು ಪೌಂಡಿನದು. ಹಾಯ್ಟ್‌ಗೆ ಒಂದೂ ಸಿಕ್ಕಿರಲಿಲ್ಲ.

ಮೀನು ಹೇಗೆ ಸಿಕ್ಕಿತು ಅಂತ ಪಾಸ್ಟರ್ ಕೇಳಿದರು. ಬೆಳಿಗ್ಗೆಯಿಂದ ಇವಳು ಮಾತಾಡುತ್ತಲೇ ಇದ್ದಳು, ನಾನೂ ಮಾತಾಡುತ್ತಲೇ ಇದ್ದೆ, ಆ ಗಲಾಟೆಗೆ ಒಂದು ಮೀನೂ ಹತ್ತಿರ ಬರಬಾರದಿತ್ತು, ಗಾಳಿ ದಕ್ಷಿಣದಿಂದ ಇತ್ತು, ಅದಕ್ಕೇ ಇರಬೇಕು ಅಂತ ಹಾಯ್ಟ್ ವಿವರಿಸಿದರು. ಅಷ್ಟು ಹೊತ್ತು ಏನು ಮಾತಾಡಿದಿರಿ ಅಂತ ನಾನು ಕೇಳಿದೆ. ನೆಲ್ಡಾ ಐಸಿನ ಪೆಟ್ಟಿಗೆಯಿಂದ ಎರಡು ತಂಪು ಬಾಟಲಿ ತೆಗೆದು, ಒಂದನ್ನು ಗಂಡನ ಕೈಗಿಟ್ಟು, "ಹಳೇ ಬಾಕಿ ತುಂಬ ಇತ್ತಮ್ಮ" ಅಂದರು.