ಕನ್ನಡಿಯೊಳಗಿನ ಹುಲಗಪ್ಪ

ಹಿರಿಯರ ಹಬ್ಬಕ್ಕೆ ಬೇರೆಯವರು ಫೋಟೊದ ಮುಂದೆ ಎಡೆ ಇಟ್ಟರೆ, ರಾಯಾಪುರದ ಗುಡ್ಡವ್ವ ಟಿವಿಯ ಮುಂದೆ ಇಡುತ್ತಿದ್ದಳು. ಗಂಡ ಹುಲಗಪ್ಪನ ಒಂದು ಫೋಟೊವೂ ಇರಲಿಲ್ಲ. ಮಗಳು ಕರುಣಾ ಹೊಟ್ಟೆಯಲ್ಲಿರುವಾಗಲೇ ಅವನು ಹಾವು ಕಚ್ಚಿ ಹೋದ. ಉಳಿದದ್ದು, ಅದೇ ವರ್ಷ ಉಪ್ಪಿನಬೆಟಗೇರಿಯಲ್ಲಿ ತೆಗೆದ ಒಂದು ಪ್ರೇಮಕಥೆಯ ಸಿನಿಮಾ.

ಅದರ ನಿರ್ದೇಶಕ ತುಂಟ. ನಾಯಕ ಓದುವ ಪತ್ರಿಕೆಯಲ್ಲಿ ಅದೇ ಸಿನಿಮಾದ ಜಾಹೀರಾತು ಇತ್ತು. ನಾಯಕಿ ಹೆರಳು ಹಾಕಿಕೊಳ್ಳುವ ಕನ್ನಡಿಯಲ್ಲಿ ಬೇಕೆಂದೇ ಕ್ಯಾಮೆರಾವನ್ನು ಕಾಣಿಸಿದ್ದ. ಅದರ ಪಕ್ಕದಲ್ಲಿ, ಬಿಸಿಲನ್ನು ಅವಳ ಮುಖಕ್ಕೆ ತಿರುಗಿಸುವ ಹೊಳಪಿನ ಹಲಗೆ ಹಿಡಿದು ನಿಂತವನು, ಕೂಲಿಗೆ ಹೋಗಿದ್ದ ಹುಲಗಪ್ಪ. ಕರುಣಾ ಅಲ್ಲಿಗೆ ಚಿತ್ರ ನಿಲ್ಲಿಸುವಳು, ಗುಡ್ಡವ್ವ ಎಡೆ ಹಿಡಿಯುವಳು.

ಈ ವರ್ಷ ಹಳೆಯ ಸಿಡಿ ಓಡಲಿಲ್ಲ. ಅಳಿಯ ಪ್ರತಾಪ ಮೊಬೈಲಿನಿಂದ ಹೊಸ ಪ್ರತಿ ಹಚ್ಚಿದ. ಸಿನಿಮಾದವರು ಗೀರು, ಕಲೆ ಎಲ್ಲ ತೆಗೆದು ಹೊಳೆಯುವಂತೆ ಮಾಡಿದ್ದರು. ಕನ್ನಡಿ ಬಂತು. ಅದರೊಳಗೆ ಬರೀ ಗೋಡೆ.

"ಹಿಂದಕ್ಕ ಒಯ್ಯವಾ, ದಾಟಿ ಬಂದಿ," ಎಂದಳು ಗುಡ್ಡವ್ವ.

ಕರುಣಾ ಒಯ್ದಳು. ಗೋಡೆಯೇ.

"ಅಳಿಸಿಬಿಟ್ಟಾರವ್ವಾ. ಕನ್ನಡ್ಯಾಗ ಕ್ಯಾಮೆರಾ ತಪ್ಪಿ ಬಿದ್ದದ್ದು ಅಂತ ತಿಳಿದು," ಎಂದಳು ಕರುಣಾ.

"ತಪ್ಪಲ್ಲಲೇ, ನಿಮ್ಮಪ್ಪ!"

ಎಡೆಯಾಗದೆ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ. ಪ್ರತಾಪ ಹಗುರ ಮಾಡಲು ನೋಡಿದ: "ಅತ್ತೀರಿ, ಮಾವಾರು ಬರೂದ್ರಾಗ ಹೋಳಿಗಿ ಹಪ್ಪಳ ಆಗ್ತಾವ್ರಿ."

ಗುಡ್ಡವ್ವ ಸೆರಗಿನಿಂದ ಟಿವಿ ಒರೆಸಿದಳು. ಮತ್ತೆ ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಕರುಣಾ, ಅವನ ಮೂಗು ಹೆಂಗಿತ್ತ? ನನಗ ನೆನಪಾಗವಲ್ದು."

ಕರುಣಾಳಿಗೂ ಗೊತ್ತಿದ್ದದ್ದು ಆ ಕನ್ನಡಿಯ ಅಪ್ಪ ಮಾತ್ರ. ಅವಳು ಆ ದೃಶ್ಯವನ್ನು ಇನ್ನೊಮ್ಮೆ ಓಡಿಸಿದಳು, ಗೋಡೆ ಕಂಡೊಡನೆ ಟಿವಿ ಆರಿಸಲು ಹೋದಳು. ಗುಡ್ಡವ್ವ ಕೈ ಹಿಡಿದಳು.

"ತಡಿ. ಆಕಿ ಗಲ್ಲ ನೋಡ."

ನಾಯಕಿಯ ಕೆನ್ನೆಯ ಮೇಲಿನ ಬೆಳಕು ಸಣ್ಣಗೆ ನಡುಗುತ್ತಿತ್ತು.

"ಹಲಗಿ ಹಿಡದು ಹಿಡದು ಕೈ ನಡಗತಾವ ಅಂತ ಸಂಜೀಕ ಎಣ್ಣಿ ತಿಕ್ಕಿಸಿಕೊಳ್ತಿದ್ದ. ಇದು ಅವನ ಕೈ."

ಕರುಣಾ ರೂಢಿಯಂತೆ ಚಿತ್ರ ನಿಲ್ಲಿಸಿದಳು. ನಡುಕ ನಿಂತಿತು. ಅದು ಯಾರದೋ ಕೆನ್ನೆ, ಅಷ್ಟೇ.

"ನಿಲ್ಲಸಬ್ಯಾಡ!" ಗುಡ್ಡವ್ವ ಚೀರಿದಳು. "ನಿಲ್ಲಿಸಿದ್ರ ಹೋಗ್ತಾನ."

ಕರುಣಾ ಮತ್ತೆ ಹಿಂದಕ್ಕೆ ಒಯ್ದು ಓಡಿಸಿದಳು. ಗುಡ್ಡವ್ವ ಎರಡೂ ಕೈಯಲ್ಲಿ ಎಡೆ ಎತ್ತಿ ಹಿಡಿದಳು. ಬಾಯಲ್ಲಿ ಗಂಡನ ಹೆಸರು ಬರುವಷ್ಟರಲ್ಲಿ ಹೆರಳು ಮುಗಿಯಿತು, ನಾಯಕಿ ಎದ್ದು ನೆರಳಿಗೆ ಹೋದಳು.

"ಇನ್ನೊಮ್ಮೆ, ನನ್ನವ್ವಾ," ಎಂದಳು ಗುಡ್ಡವ್ವ. ಈಗ ಅವಳ ಕೈಯೂ ನಡುಗುತ್ತಿತ್ತು.