ಪೆಟ್ಟು ತಿನ್ನದ ಸಾಬಣ್ಣ

ಗೋಗಿಯ ಹತ್ತಿರ ಕಾಲುವೆಯ ಗೇಟು ಕಾಯುತ್ತಿದ್ದ ಸಾಬಣ್ಣನನ್ನು ಹೊಡೆಯಲು ಹೋದವರು ಬಹಳ ಮಂದಿ, ಹೊಡೆದು ಬಂದವರು ಯಾರೂ ಇಲ್ಲ. ಹೀಗೆಂದರೆ ಅವನನ್ನು ನೋಡದವರು ಆರಡಿ ಆಳು, ಹುರಿ ಮೀಸೆ ಎಂದೆಲ್ಲ ಎಣಿಸಿಕೊಳ್ಳುತ್ತಾರೆ. ಅವನೋ ಸಣಕಲ. ತನ್ನ ಗದ್ದೆಗೆ ನೀರು ಮುಟ್ಟಲಿಲ್ಲವೆಂದು ಕೆಳಗಿನ ಊರಿನವನೊಬ್ಬ ಒಂದು ಬೆಳಿಗ್ಗೆ ಗೇಟಿನ ಕಟ್ಟೆಯ ಮೇಲೆಯೇ ಅವನತ್ತ ಮುಷ್ಟಿ ಬೀಸತೊಡಗಿದ. ಪಾಠ ಹೇಳಲು ಶಾಲೆಗೆ ಹೊರಟಿದ್ದ ನಾನು ಸೈಕಲ್ ನಿಲ್ಲಿಸಿ ನೋಡಿದೆ. ಸಾಬಣ್ಣ ಕೈ ಎತ್ತಲಿಲ್ಲ, ಓಡಲೂ ಇಲ್ಲ. ತಲೆಯನ್ನು ಇಷ್ಟೇ ಇಷ್ಟು ಆಚೆ, ಇಷ್ಟೇ ಇಷ್ಟು ಈಚೆ ಸರಿಸುತ್ತ ನಿಂತಿದ್ದ. ಬಂದವನು ಗಾಳಿಗೆ ಗುದ್ದಿ ಗುದ್ದಿ ದಣಿದು ಕೂತುಬಿಟ್ಟ.

"ನೀರ ಕುಡೀರಿ," ಎಂದ ಸಾಬಣ್ಣ. "ಮ್ಯಾಲಿನವರು ಕಾಲುವಿಗೆ ಪಂಪು ಹಚ್ಯಾರ. ನಾ ಏನ್ ಮಾಡ್ಲಿ ಹೇಳ್ರಿ."

ಅಂದಿನಿಂದ ನಾನು ಅವನ ಬೆನ್ನು ಬಿದ್ದೆ. ಹರೆಯದಲ್ಲಿ ಮಿಲಿಟರಿ ಸೇರಿದ್ದನಂತೆ. ಬಾಕ್ಸಿಂಗ್ ಕಲಿತದ್ದು ಅಲ್ಲಿ. ಗೆದ್ದದ್ದು ಕಡಿಮೆ. ಅವನ ಮೈಗೆ ಏಟು ಬೀಳುತ್ತಿರಲಿಲ್ಲ ನಿಜ, ಆದರೆ ಏಟು ತಪ್ಪಿಸಿಕೊಂಡದ್ದಕ್ಕೆ ತೀರ್ಪುಗಾರರು ಅಂಕ ಕೊಡುವುದಿಲ್ಲವಲ್ಲ. ನನಗೆ ಇದನ್ನು ಕೇಳಿ ಸಿಟ್ಟು ಬಂತು. ಅವನಿಗೆ ಬಂದಿರಲಿಲ್ಲ.

"ಹೊಡಿಯೋದು ಯಾರಿಗಾದ್ರೂ ಬರ್ತದ್ರಿ ಸರ," ಎನ್ನುತ್ತಿದ್ದ. "ಒಯ್ದ ಮಾರಿ ಮೂಗು ಒಯ್ದಂಗ ಮನಿಗೆ ತರೋದು ಕಲೀಬೇಕು."

ಗೇಟಿನ ಕೋಣೆಯ ಗೋಡೆಗೆ ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಬಾಕ್ಸರುಗಳ ಚಿತ್ರಗಳನ್ನು ಅಂಟಿಸಿದ್ದ. ಅವರೆಲ್ಲ ಅವನ ಮನೆದೇವರು. ಅಮೆರಿಕದ ವಿಲ್ಲಿ ಪೆಪ್ ಒಂದು ಸುತ್ತಿನಲ್ಲಿ ಒಂದೂ ಏಟು ಹಾಕದೆ ಆ ಸುತ್ತು ಗೆದ್ದನೆಂದು ಕತೆ. ಸುಳ್ಳಿರಬಹುದು ಎಂದರೆ ಸಾಬಣ್ಣನ ಮುಖ ಬಾಡುತ್ತಿತ್ತು. ಅರ್ಜೆಂಟೀನಾದ ನಿಕೊಲಿನೊ ಲೋಚೆ ಹಗ್ಗಕ್ಕೆ ಒರಗಿ, ಕೈ ಕೆಳಗೆ ಬಿಟ್ಟು, ಬರೀ ಸೊಂಟ ಕುತ್ತಿಗೆಗಳಿಂದಲೇ ಎದುರಿನವನನ್ನು ಪೇಚಿಗೆ ಸಿಕ್ಕಿಸುತ್ತಿದ್ದನಂತೆ. ಪರ್ನೆಲ್ ವಿಟೇಕರ್ ಎದುರಾಳಿ ಚಾವೆಜ್‌ನ ಕೈಗೆ ಸಿಗದೆ ಚೆಂದ ಆಡಿದರೂ ತೀರ್ಪುಗಾರರು ಪಂದ್ಯ ಸಮ ಎಂದುಬಿಟ್ಟರೆಂದು ಪೇಪರಿನಲ್ಲಿ ಓದಿದ ದಿನ ಸಾಬಣ್ಣ ಊಟ ಬಿಟ್ಟ.

"ಎಲ್ಲಿಯವ್ನೋ ಏನೋ," ಎಂದು ಅವನ ಹೆಂಡತಿ ದೇವಕಮ್ಮ ನನ್ನೆದುರು ಗೊಣಗಿದಳು. "ನನ್ನ ರೊಟ್ಟಿ ಏನ್ ತಪ್ಪು ಮಾಡ್ಯಾವ್ರಿ?"

ಅವರಿಗೆ ಒಬ್ಬನೇ ಮಗ, ಅಂಬ್ರಪ್ಪ. ಅಪ್ಪನ ಕುತ್ತಿಗೆಯೇ ಅವನಿಗೂ ಬಂದಿತ್ತು. ಕಾಲುವೆಯ ದಂಡೆಯ ಮೇಲೆ ಇಬ್ಬರೂ ನೆರಳಿನ ಕೂಡ ಕಾದಾಡುವಂತೆ ಕುಣಿಯುವುದನ್ನು ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ನಿಂತು ನೋಡಿ ನಗುತ್ತಿದ್ದರು. ಮಗನನ್ನು ಪಂದ್ಯಕ್ಕೆ ಇಳಿಸುವ ಮಾತು ಬಂದಾಗ ಮಾತ್ರ ದೇವಕಮ್ಮ ನಗಲಿಲ್ಲ. ಮಿಲಿಟರಿಯಲ್ಲಿ ಜೊತೆಗಾರನೊಬ್ಬ ಏಟು ತಿಂದು ಕಣ್ಣು ಕಳೆದುಕೊಂಡದ್ದನ್ನು ಗಂಡನೇ ಒಮ್ಮೆ ಹೇಳಿದ್ದ.

"ಅವನ ಕಣ್ಣಿಗೇನರೆ ಆದ್ರ?" ಎಂದಳು.

"ನಾ ಮೂಲ್ಯಾಗ ನಿಂತಿರ್ತೀನಿ. ಕೈಯಾಗ ಟವೆಲ್ ಇರ್ತದ. ಇವನ ಕೈಲಿ ಆಗವಲ್ದು ಅನ್ನಿಸ್ತಂದ್ರ ಒಳಗ ಒಗದುಬಿಡ್ತೀನಿ. ಟವೆಲ್ ಬಿತ್ತಂದ್ರ ಆಟ ಮುಗೀತು. ಎಲ್ಲಾ ದೇಶದಾಗೂ ಇದ ಕಾನೂನು."

ದೇವಕಮ್ಮ ಶಹಾಪುರದ ಸಂತೆಗೆ ಹೋಗಿ ತಾನೇ ಒಂದು ಬಿಳಿ ಟವೆಲ್ ಆರಿಸಿ ತಂದಳು. ಕೆಂಪು ಅಂಚಿನದು, ದೂರದಿಂದಲೂ ಕಾಣುವಂಥದು. ಅದನ್ನು ಗಂಡನ ಕೈಗೆ ಕೊಟ್ಟು, "ತಡಾ ಮಾಡಬ್ಯಾಡ," ಎಂದಳು.

ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲು ಬಂತು, ಮಿಲ್ಲಿನ ಹಿಂದೆ ಶೋಕಿ ಬಂತು. ಶಾಂತಪ್ಪ ಸಾವ್ಕಾರ ಬೇಸಿಗೆಯಲ್ಲಿ ಕಾಲುವೆ ನೀರು ನಿಂತಾಗ ತನ್ನ ಮಿಲ್ಲಿನ ಅಂಗಳದಲ್ಲಿ ಕುಸ್ತಿ ಇಡಿಸುತ್ತಿದ್ದ. ಆ ವರ್ಷ ಟಿವಿಯಲ್ಲಿ ಬಾಕ್ಸಿಂಗ್ ನೋಡಿದ್ದನೋ ಏನೋ, ಕುಸ್ತಿಯ ಕೊನೆಗೆ ಅದೂ ಒಂದು ಇರಲಿ ಎಂದ. ಭತ್ತ ಒಣಗಿಸುವ ಸಿಮೆಂಟಿನ ಮೇಲೆ ನಾಲ್ಕು ಕಂಬ ನಿಲ್ಲಿಸಿ ಹಗ್ಗ ಕಟ್ಟಿದರು. ಅಂಬ್ರಪ್ಪನ ಎದುರಿಗೆ ಸೊಲ್ಲಾಪುರದ ಹುಡುಗನೊಬ್ಬನನ್ನು ಕರೆಸಿದರು. ನಿರ್ಣಾಯಕ ರಾಜಾಸಾಬ ವಸ್ತಾದ, ಸುರಪುರದ ಹಳೆಯ ಪೈಲ್ವಾನ, ಗರಡಿಯ ಮಣ್ಣಿನಲ್ಲೇ ತಲೆ ಬೆಳ್ಳಗಾದವರು. ಬಾಕ್ಸಿಂಗ್ ಅವರಿಗೆ ಹೊಸದು. ಸಾಬಣ್ಣ ಮಧ್ಯಾಹ್ನವೆಲ್ಲ ಕೂತು ಅವರಿಗೆ ಹೇಳಿಕೊಟ್ಟ. ಸೊಂಟದ ಕೆಳಗೆ ಹೊಡೆಯಬಾರದು, ಬಿದ್ದರೆ ಹತ್ತು ಎಣಿಸಬೇಕು, ತಬ್ಬಿಕೊಂಡರೆ ಬಿಡಿಸಬೇಕು. ಟವೆಲಿನ ಮಾತು ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅದು ಎಲ್ಲರಿಗೂ ಗೊತ್ತಿರುವುದು ಎಂದೇ ಅವನು ತಿಳಿದಿದ್ದ.

ಸಂಜೆ ಮೊದಲು ಕುಸ್ತಿ ನಡೆಯಿತು. ನಮ್ಮ ಕಡೆ ಆಟ ಮೆಚ್ಚಿದವರು ಹೆಗಲ ಮೇಲಿನ ಟವೆಲ್ ತೆಗೆದು ಪೈಲ್ವಾನನ ಮೇಲೆ ಎಸೆಯುತ್ತಾರೆ. ಅದು ಶಭಾಸ್‌ಗಿರಿ. ಅಂದು ಗೆದ್ದವನು ಹತ್ತಾರು ಟವೆಲ್ ಹೊತ್ತುಕೊಂಡೇ ಅಂಗಳ ಸುತ್ತಿದ.

ಆಮೇಲೆ ಅಂಬ್ರಪ್ಪ ಇಳಿದ. ಮೊದಲ ಸುತ್ತನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಸೊಲ್ಲಾಪುರದ ಹುಡುಗ ಹೊಡೆದದ್ದೆಲ್ಲ ಗಾಳಿಗೆ. ಮೂಲೆಯಲ್ಲಿ ನಿಂತ ಸಾಬಣ್ಣನ ಮುಖ ಮದುಮಗನ ಮುಖದಂತಿತ್ತು. ಆದರೆ ಜನಕ್ಕೆ ಬೇಕಾದದ್ದು ಅದಲ್ಲ. ಜನಕ್ಕೆ ಧಪ್ಪೆಂಬ ಸದ್ದು ಬೇಕು.

"ಕುಣಿಯಾಕ ಬಂದೀ ಏನಲೇ?" ಎಂದು ಒಬ್ಬ ಕೂಗಿದ. "ಸೀರಿ ಉಟ್ಕೊಂಡ್ ಬಾ ಹೋಗು," ಎಂದ ಇನ್ನೊಬ್ಬ. ಎರಡನೆಯ ಸುತ್ತಿನಲ್ಲಿ ಇಡೀ ಅಂಗಳ ನಗತೊಡಗಿತು. ಸಾವ್ಕಾರನೂ ನಕ್ಕ.

ಮೂರನೆಯ ಸುತ್ತಿನಲ್ಲಿ ಅಂಬ್ರಪ್ಪ ನಿಂತುಬಿಟ್ಟ. ಆ ವಯಸ್ಸಿನ ಹುಡುಗ ಏಟು ತಡೆದಾನು, ನಗು ಎಷ್ಟು ಹೊತ್ತು ತಡೆದಾನು? ಕಾಲು ನೆಟ್ಟು ಒಂದು ಗುದ್ದಿದ. ಜನ ಹೋ ಎಂದರು. ಆ ಕೂಗು ಅವನ ತಲೆಗೆ ಏರಿತು. ಮತ್ತೊಂದು ಗುದ್ದಿದ, ಮರಳಿ ಎರಡು ತಿಂದ. ಸೊಲ್ಲಾಪುರದವನಿಗೆ ಬೇಕಾದದ್ದೂ ಅದೇ. ಎಡಗಣ್ಣಿನ ಹುಬ್ಬು ಒಡೆಯಿತು, ಕಣ್ಣು ಊದಿ ಮುಚ್ಚಿತು, ಆ ಕಡೆಯಿಂದ ಬರುವ ಏಟು ಅವನಿಗೆ ಕಾಣದಾಯಿತು.

ಸಾಬಣ್ಣ ತಡ ಮಾಡಲಿಲ್ಲ. ಟವೆಲ್ ಎಸೆದ.

ಅದು ನೇರ ಮಗನ ಹೆಗಲ ಮೇಲೆ ಬಿತ್ತು. ರಾಜಾಸಾಬ ವಸ್ತಾದರು ಅದು ಬಂದ ದಿಕ್ಕನ್ನು ನೋಡಿದರು. ಹೆತ್ತ ತಂದೆಯೇ ಮಗನ ಆಟ ಮೆಚ್ಚಿ ಟವೆಲ್ ಹಾಕಿದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಅದನ್ನೆತ್ತಿ ಕಣ್ಣಿಗೆ ಒತ್ತಿಕೊಂಡು ಹಗ್ಗದ ಮೇಲೆ ಹಾಕಿ, "ಆಡ್ರಪಾ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಪ್ಪನೇ ಹಾಕಿದ ಮೇಲೆ ಜನ ಬಿಡುತ್ತಾರೆಯೇ? ನಾಲ್ಕೂ ಕಡೆಯಿಂದ ಟವೆಲ್ ಬಿದ್ದವು.

"ನಿಲ್ಲಸ್ರಿ, ನಾ ನಿಲ್ಲಸಾಕ ಒಗದೀನ್ರಿ," ಎಂದು ಸಾಬಣ್ಣ ಕೂಗಿದ. ನಾನೂ ಕೂಗಿದೆ. ಇಡೀ ಶಾಲೆಯನ್ನು ತೆಪ್ಪಗೆ ಕೂರಿಸುವ ನನ್ನ ಗಂಟಲು ಅಲ್ಲಿ ಯಾತಕ್ಕೂ ಬರಲಿಲ್ಲ. ಸಾಬಣ್ಣ ಹಗ್ಗದೊಳಗೆ ನುಗ್ಗಲು ಹೋದ. ಮಗನನ್ನು ಅಪ್ಪಿಕೊಳ್ಳಲು ಹೊರಟಿದ್ದಾನೆಂದುಕೊಂಡ ನಾಲ್ಕಾರು ಜನ, "ಆಟ ಮುಗೀಲಿ ತಡೀರಿ ಕಾಕಾ," ಎಂದು ಪ್ರೀತಿಯಿಂದ ಹಿಡಿದರು. ಅಷ್ಟಕ್ಕೇ ಬಿಡದೆ ಹೆಗಲ ಮೇಲೆ ಎತ್ತಿ ಕೂರಿಸಿಕೊಂಡರು.

ಅಲ್ಲಿಂದ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಕೂಗಿ ಕೂಗಿ ದನಿ ಹೋಗಿತ್ತು. ಒಂದೊಂದು ಏಟು ಮಗನತ್ತ ಬಂದಾಗಲೂ ಅವನ ತಲೆ ತಾನೇ ತಾನಾಗಿ ಇಷ್ಟೇ ಇಷ್ಟು ಆಚೆ, ಇಷ್ಟೇ ಇಷ್ಟು ಈಚೆ ಸರಿಯುತ್ತಿತ್ತು. ನನಗೆ ನೋಡಲಾಗಲಿಲ್ಲ.

ಸುತ್ತು ಮುಗಿಯುವವರೆಗೂ ಅಂಬ್ರಪ್ಪ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು. ಸಾವ್ಕಾರನ ಜೀಪಿನಲ್ಲೇ ಗುಲಬರ್ಗಾಕ್ಕೆ ಒಯ್ದೆವು. ಕಣ್ಣಿನ ಹಿಂದಿನ ಪರದೆ ಹರಿದಿದೆ, ಎಡಗಣ್ಣು ಇನ್ನು ಕಾಣುವುದಿಲ್ಲ ಎಂದರು ಡಾಕ್ಟರು. ಸಾಬಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಕಣ್ಣಿಗೆ ಪಟ್ಟಿ ಕಟ್ಟಿದ ಮಗನನ್ನು ಕರೆದುಕೊಂಡು ನಾವು ಊರಿಗೆ ಮರಳುವ ಮೊದಲೇ ಶಾಂತಪ್ಪ ಸಾವ್ಕಾರ ಟವೆಲುಗಳನ್ನೆಲ್ಲ ಗಂಟು ಕಟ್ಟಿಸಿ ಮನೆಗೆ ಕಳಿಸಿದ್ದ. ಗೆಲ್ಲದಿದ್ದರೂ ಇಷ್ಟು ಟವೆಲ್ ಪಡೆದವನು ಶಹಾಪುರದಲ್ಲಿ ಇನ್ನೊಬ್ಬನಿಲ್ಲವೆಂದು ಹೇಳಿ ಕಳಿಸಿದ್ದನಂತೆ. ಗಂಟು ಬಿಚ್ಚಿದ ದೇವಕಮ್ಮ ಕೆಂಪು ಅಂಚಿನದನ್ನು ಬೇರೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಒಳಗೆ ಮಲಗಿಸಿ ಬಂದಳು.

"ನೀ ಟವೆಲ್ ಒಗಿಲಿಲ್ಲೇನು?" ಎಂದು ಗಂಡನನ್ನು ಕೇಳಿದಳು.

"ಒಗದೆ," ಎಂದ ಸಾಬಣ್ಣ.

"ಮತ್ತ?"

ಅವನು ಹೊರಸಿನ ಮೇಲೆ ಬಿಚ್ಚಿ ಬಿದ್ದಿದ್ದ ಆ ಟವೆಲುಗಳ ರಾಶಿಯನ್ನು ನೋಡಿದ.

"ಎಲ್ಲಾರೂ ಒಗದ್ರು," ಎಂದ.