ಕಲೆ ಬಲ್ಲ ಪಾಲಾಕ್ಷಪ್ಪ

ಕೊಟ್ಟೂರಿನಲ್ಲಿ ಪಾಲಾಕ್ಷಪ್ಪ ಎಡಗಣ್ಣು ಮುಚ್ಚಿದನೆಂದರೆ ಕೂಡ್ಲಿಗಿಯಲ್ಲಿ ಯಾವನೋ ಒಬ್ಬ ಗಂಡ ಬೆವರುತ್ತಿದ್ದ ಎಂದು ಜನ ಹೇಳುತ್ತಿದ್ದರು. ಅಂಗಿಯ ಮೇಲೆ ಕಲೆ ಬಿದ್ದದ್ದು ಹಡಗಲಿಯಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ, ಅದು ಗಂಟಿನಲ್ಲಿ ಕೂತು, ಬಸ್ಸು ಹತ್ತಿ, ಅವನ ಲಾಂಡ್ರಿಗೆ ಬಂದು ತನ್ನ ಹುಟ್ಟು ಹೇಳಿಕೊಳ್ಳಲೇಬೇಕಿತ್ತು. ಪಾಲಾಕ್ಷಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಎಡಗಣ್ಣು ಮುಚ್ಚುತ್ತಿದ್ದ. ತಲೆಯನ್ನು ಬಲಕ್ಕೆ ವಾಲಿಸಿ, ಹಿಂದಕ್ಕೆ ಸರಿದು, ಮೂಗಿನೊಳಗಿಂದ ‘ಹ್ಞೂಂ’ ಎಂದು ಉದ್ದಕ್ಕೆ ಎಳೆಯುತ್ತಿದ್ದ. ಆ ಹೊತ್ತಿನಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ಕೂಡ ಚಟಪಟ ಅನ್ನುತ್ತಿರಲಿಲ್ಲವಂತೆ. ಆಮೇಲೆ ತೀರ್ಪು. ‘ಹೋಗ್ತೈತಿ’, ಇಲ್ಲವೇ ‘ಹೋಗಂಗಿಲ್ಲ.’ ಇದರ ಮೇಲೆ ಅಪೀಲು ಇರಲಿಲ್ಲ.

ಹರಪನಹಳ್ಳಿಯ ಶೇಂಗಾ ವ್ಯಾಪಾರಿಯೊಬ್ಬನ ಧೋತರ ನೋಡಿ, ‘ಇದು ಉಪ್ಪಿನಕಾಯಿ. ಆದರ ನಿಮ್ಮ ಮನೀದಲ್ಲ’ ಅಂದನಂತೆ. ವ್ಯಾಪಾರಿ ಧೋತರ ಅಲ್ಲೇ ಬಿಟ್ಟು ಓಡಿದವನು ಮತ್ತೆ ಕೊಟ್ಟೂರಿನ ಕಡೆ ತಲೆ ಹಾಕಲಿಲ್ಲವಂತೆ. ಈ ಕಥೆಯನ್ನು ಊರಿಗೆ ಹೇಳಿದವನು ಪಾಲಾಕ್ಷಪ್ಪನೇ. ಪ್ರತಿ ಸಲ ಹೇಳುವಾಗಲೂ ವ್ಯಾಪಾರಿ ಇನ್ನಷ್ಟು ಶ್ರೀಮಂತನಾಗುತ್ತಿದ್ದ, ಇನ್ನಷ್ಟು ಜೋರಾಗಿ ಓಡುತ್ತಿದ್ದ.

ಈ ವಿದ್ಯೆಯ ಒಳಗುಟ್ಟು ಪಾಲಾಕ್ಷಪ್ಪ ಒಬ್ಬನಿಗೇ ಗೊತ್ತಿತ್ತು. ಅವನು ಓದುತ್ತಿದ್ದದ್ದು ಕಲೆಯನ್ನಲ್ಲ, ಗೋಡೆಯ ಕ್ಯಾಲೆಂಡರನ್ನು. ಬೇಸಿಗೆಯಾದರೆ ಮಾವು, ಮದುವೆಯ ತಿಂಗಳಾದರೆ ಅರಿಷಿಣ, ಉಳಿದ ದಿನವೆಲ್ಲ ಚಹಾ. ಎಡಗಣ್ಣು ಮುಚ್ಚುತ್ತಿದ್ದದ್ದು ಕೆಂಡದ ಹೊಗೆಗೆ. ಹಿಂದೆ ಸರಿಯುತ್ತಿದ್ದದ್ದು ಸುಳ್ಳು ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಿತ್ತೆಂದು. ಇಷ್ಟು ಬಂಡವಾಳದ ಮೇಲೆ ಅವನು ಬೋರ್ಡು ಬರೆಸಿದ್ದ: ‘ಪಾಲಾಕ್ಷ ಲಾಂಡ್ರಿ. ಎಲ್ಲಾ ಬಗೆಯ ಕಲೆಗಳನ್ನು ಬಲ್ಲವರು.’

ಹೆಂಡತಿ ಸುಂಕಮ್ಮ ಆ ಬೋರ್ಡಿನ ಕೆಳಗೆ ಕೂತು ಗುಂಡಿ ಹೊಲಿಯುತ್ತಾ ಹೇಳುತ್ತಿದ್ದಳು: “ಊರ ಮಂದೀದೆಲ್ಲಾ ಹೇಳ್ತೀರಲ್ರೀ, ನಿಮ್ಮ ಅಂಗಿ ಎದಿ ಮ್ಯಾಲ ಐತಲ್ಲ, ಅದು ಏನು ಹೇಳ್ರಿ ನೋಡೋಣ.”

ಪಾಲಾಕ್ಷಪ್ಪ ಬಗ್ಗಿ ನೋಡಿಕೊಳ್ಳುತ್ತಿದ್ದ. ಅದೇನೆಂದು ಅವನಿಗೆ ಎಂದೂ ತಿಳಿದಿರಲಿಲ್ಲ.

ಇಂಥ ಮಹಾಪುರುಷನಿಗೂ ಒಂದು ಗಂಡಾಂತರ ಬಂತು. ೧೯೯೭ರ ನವೆಂಬರಿನಲ್ಲಿ ಅದು ತಿಪ್ಪೇರುದ್ರಮ್ಮನ ರೂಪದಲ್ಲಿ ಬಂತು. ತಿಪ್ಪೇರುದ್ರಮ್ಮ ಹಿಟ್ಟಿನ ಗಿರಣಿಯ ಒಡತಿ. ಗಿರಣಿ ಓಡುವಾಗ ಮಾತಾಡಿ ರೂಢಿಯಾದವಳು, ಗಿರಣಿ ನಿಂತ ಮೇಲೂ ಅದೇ ದನಿ. ಅವಳು ತನ್ನ ತಾಯಿಯ ಹಳೆಯ ಇಳಕಲ್ ಸೀರೆಯನ್ನು ಎಣ್ಣೆ ಕಲೆ ತೆಗೆಯಲೆಂದು ಕೊಟ್ಟಿದ್ದಳು. ತಾಯಿ ತೀರಿಕೊಂಡಿದ್ದಳು. ಮಗಳು ಚೊಚ್ಚಲ ಬಸುರಿ. ಶುಕ್ರವಾರದ ಕುಬಸಕ್ಕೆ, ಅಂದರೆ ಬಸುರಿಗೆ ಹಸಿರು ಬಳೆ ತೊಡಿಸಿ ಮಡಿಲು ತುಂಬುವ ದಿನಕ್ಕೆ, ಮಗಳಿಗೆ ಅಜ್ಜಿಯ ಸೀರೆಯನ್ನೇ ಉಡಿಸಬೇಕೆಂಬುದು ಅವಳ ಹಠ.

ಸೀರೆ ಲಾಂಡ್ರಿಯಲ್ಲಿ ಇರಲಿಲ್ಲ. ಕಲೆ ಹೋಗಿತ್ತು, ಕಲೆಯ ಜೊತೆಗೆ ಸೀರೆಯೂ ಹೋಗಿತ್ತು. ಸುಂಕಮ್ಮ ಕಪಾಟು ಕೆಡವಿ ಹುಡುಕಿದಳು. ಪಾಲಾಕ್ಷಪ್ಪ ಎಡಗಣ್ಣು ಮುಚ್ಚಿ ಹುಡುಕಿದ, ಬಲಗಣ್ಣು ಮುಚ್ಚಿಯೂ ಹುಡುಕಿದ.

“ಪಾಲಾಕ್ಷಪ್ಪಾ, ನಮ್ಮವ್ವನ ಸೀರಿ ಎಲ್ಲೈತೋ?”

“ನೆನಿ ಇಟ್ಟೀನಿ ಅಕ್ಕಾ. ಹಠಮಾರಿ ಕಲೆ ಐತಿ.”

“ಎಷ್ಟು ದಿನ ನೆನೀತೈತೋ ಅದು? ಸೀರಿ ಹೋಗಿ ಮೀನಾಗೇತೇನು? ನೋಡು, ಬುಧವಾರ ಬರ್ತೀನಿ. ಸೀರಿ ಕೈಗೆ ಬರಲಿಲ್ಲ ಅಂದ್ರ ನಿನ್ನ ಬೋರ್ಡಿನ ಮ್ಯಾಲ ನಾನ ಸುಣ್ಣ ಬಳೀತೀನಿ. ಕಲೆ ಬಲ್ಲವರಂತ, ಕಲೆ!”

ಬುಧವಾರ ಬೆಳಿಗ್ಗೆ ಲಾಂಡ್ರಿಯ ಮುಂದೆ ಬಂದು ನಿಂತದ್ದು ಮಾತ್ರ ತಿಪ್ಪೇರುದ್ರಮ್ಮ ಅಲ್ಲ, ಒಂದು ಜೀಪು.

ಜೀಪಿನಿಂದ ಇಳಿದವನು ಹಗರಿಬೊಮ್ಮನಹಳ್ಳಿಯ ಯುವಕ ಸಂಘದ ಕಾರ್ಯದರ್ಶಿ ಅರುಣಕುಮಾರ್. ರಾಜ್ಯೋತ್ಸವದ ಅಂಗವಾಗಿ ಅವರು ಶಾಲೆಯಲ್ಲಿ ಚಿತ್ರ ಪ್ರದರ್ಶನ ಇಟ್ಟಿದ್ದರು. ಬಹುಮಾನದ ತೀರ್ಪು ಹೇಳಲು ಬರಬೇಕಾಗಿದ್ದ ಹಿರಿಯ ಚಿತ್ರಗಾರರು ದಾರಿಯಲ್ಲಿ ಹೊಳಲಿಗೆ ಹೋಗಿ, ಅಲ್ಲಿನ ಗುಡಿಯ ಅನಂತಶಯನನ ಮುಂದೆ ಕೂತು ಚಿತ್ರ ಬರೆಯಲು ಶುರು ಮಾಡಿ, ಏಳಲು ಒಪ್ಪಿರಲಿಲ್ಲ. ಗಾಬರಿಯಾದ ಅರುಣಕುಮಾರ್ ಕೊಟ್ಟೂರಿನ ಎಸ್‌ಟಿಡಿ ಬೂತಿಗೆ ಫೋನು ಹಚ್ಚಿ, “ನಿಮ್ಮೂರಾಗ ಕಲೆ ತಿಳಿದವರು ಯಾರದಾರ?” ಎಂದು ಕೇಳಿದ್ದ. ಬೂತಿನವನು ಒಂದು ಗಳಿಗೆಯೂ ಯೋಚಿಸಿರಲಿಲ್ಲ. “ಕಲೆ ಅಂದ್ರ ಪಾಲಾಕ್ಷಪ್ಪ ಒಬ್ಬನ ನೋಡ್ರಿ. ಕೂಡ್ಲಿಗಿಯಿಂದ್ಲೂ ಹುಡಿಕ್ಕೊಂಡು ಬರ್ತಾರ.”

“ಸರ್, ತಾವು ಬಂದು ಕಲೆ ನೋಡಬೇಕು,” ಎಂದ ಅರುಣಕುಮಾರ್ ಕೈಮುಗಿದು. ಬೋರ್ಡನ್ನು ಓದಿ ಅವನ ಭಕ್ತಿ ಇಮ್ಮಡಿಯಾಗಿತ್ತು. ಪಾಲಾಕ್ಷಪ್ಪ ಕೈಯಲ್ಲಿ ಹಿಡಿದಿದ್ದ ಇಸ್ತ್ರಿಪೆಟ್ಟಿಗೆ ಅವನಿಗೆ ದೊಡ್ಡವರ ಸರಳತೆಯಂತೆ ಕಂಡಿತು.

“ಎಷ್ಟು ಅದಾವ?”

“ನಲವತ್ತರ ಮ್ಯಾಲ ಅದಾವ್ರಿ.”

“ಹಳೇವೋ, ಹೊಸವೋ?”

“ಎಲ್ಲಾ ಹೊಸವ ಸರ್.”

“ಬೇಸಾತು ಬಿಡು. ಹಳೇ ಕಲೆ ಸುಮ್ನ ಹೋಗಂಗಿಲ್ಲ.”

“ಹೌದ್ರಿ ಸರ್!” ಅರುಣಕುಮಾರನ ಕಣ್ಣು ತುಂಬಿತು. “ಹಳೇ ಕಲೆ ಎಲ್ಲಿಗೆ ಹೋಗ್ತೈತ್ರಿ? ಶಾಶ್ವತ ಅದು.”

ಗಿರಣಿಯ ಬೀದಿಯಿಂದ ತಿಪ್ಪೇರುದ್ರಮ್ಮ ಬಿರಬಿರನೆ ಬರುತ್ತಿರುವುದು ಕಾಣಿಸಿತು. ಪಾಲಾಕ್ಷಪ್ಪ ಹಿಂದೆ ಮುಂದೆ ನೋಡದೆ ಜೀಪು ಹತ್ತಿದ.

“ಯಾರು ಮಾಡಿದ್ದು ಇದನ್ನೆಲ್ಲಾ?” ಎಂದು ದಾರಿಯಲ್ಲಿ ಕೇಳಿದ.

“ಹೆಚ್ಚಾಗಿ ಸಾಲಿ ಹುಡುಗರ ಮಾಡ್ಯಾರ್ರಿ.”

“ಬೈಲಿಲ್ಲೇನು ಯಾರೂ?”

“ಯಾಕ ಬೈತಾರ್ರಿ! ಪ್ರೋತ್ಸಾಹ ಮಾಡ್ತೀವಿ. ಎಲ್ಲಾನೂ ಗ್ವಾಡಿಗೆ ತೂಗ ಹಾಕೀವಿ, ಊರ ಮಂದಿ ನೋಡ್ಲಿ ಅಂತ.”

ಹಗರಿಬೊಮ್ಮನಹಳ್ಳಿಯವರು ಸ್ವಲ್ಪ ವಿಚಿತ್ರ ಜನ ಎಂದು ಪಾಲಾಕ್ಷಪ್ಪ ಮನಸ್ಸಿನಲ್ಲೇ ಅಂದುಕೊಂಡ.

ಶಾಲೆಯ ಹಾಲಿಗೆ ಕಾಲಿಟ್ಟು, ಕೊರಳಿಗೆ ಹಾರ ಬಿದ್ದು, ಗೋಡೆಯ ಮೇಲೆ ಉಚ್ಚಂಗಿದುರ್ಗದ ಕೋಟೆ, ನವಿಲು, ಸೂರ್ಯೋದಯ ಸಾಲಾಗಿ ಕಂಡಾಗ ಅವನಿಗೆ ಮೋಸ ತಿಳಿಯಿತು. ತಾನು ಬಲ್ಲ ಕಲೆ ಇದಲ್ಲ. ಓಡಿಹೋಗಬಹುದಿತ್ತು, ಧೋತರ ಬಿಟ್ಟು ಓಡಿದ ವ್ಯಾಪಾರಿಯ ಉದಾಹರಣೆ ಕಣ್ಣಮುಂದೆಯೇ ಇತ್ತು. ಆದರೆ ವೇದಿಕೆಯ ಕುರ್ಚಿಯ ಮೇಲೆ ಒಂದು ಶಾಲು ಮಡಿಸಿ ಇಟ್ಟಿದ್ದರು. ಜೀವಮಾನವಿಡೀ ಬೇರೆಯವರ ಶಾಲಿಗೆ ಇಸ್ತ್ರಿ ಹಾಕಿದವನು ಪಾಲಾಕ್ಷಪ್ಪ. ಅವನ ಹೆಗಲಿಗೆ ಯಾರೂ ಏನನ್ನೂ ಹೊದಿಸಿರಲಿಲ್ಲ. ಶಾಲು ಕಂಡ ಮೇಲೆ ಅವನ ಕಾಲು ಬಾಗಿಲ ಕಡೆ ತಿರುಗಲಿಲ್ಲ.

ಉಳಿದಿದ್ದದ್ದು ಒಂದೇ ದಾರಿ. ಎಡಗಣ್ಣು ಮುಚ್ಚಿದ. ತಲೆ ವಾಲಿಸಿದ. ಹಿಂದೆ ಸರಿದ. ‘ಹ್ಞೂಂ.’

ಸೇರಿದ್ದವರೆಲ್ಲ ಕತ್ತು ಚಾಚಿದರು.

ಕೋಟೆಯ ಮುಂದೆ ನಿಂತು, “ಇದು ಒಂದ್ ನೀರಿಗೆ ಹೋಗ್ತೈತಿ,” ಎಂದ. ಬರೆದವನ ಮುಖ ಬಾಡಿತು. ನವಿಲಿನ ಮುಂದೆ, “ಜರಾ ತಿಕ್ಕಬೇಕು,” ಎಂದ. ನವಿಲಿನವನು ಇನ್ನಷ್ಟು ತಿಕ್ಕುವುದಾಗಿ ಮಾತು ಕೊಟ್ಟ. ಆಮೇಲೆ ಕಾಲೇಜು ಹುಡುಗಿಯೊಬ್ಬಳ ಚಿತ್ರ. ಅದರಲ್ಲಿ ಮನುಷ್ಯರೂ ಇರಲಿಲ್ಲ, ಮರವೂ ಇರಲಿಲ್ಲ. ಕಂದು, ಹಳದಿ, ಕಪ್ಪು ಬಣ್ಣ ಒಂದರ ಮೇಲೊಂದು ಚೆಲ್ಲಿದ್ದವು. ಅದನ್ನು ಕಂಡು ಪಾಲಾಕ್ಷಪ್ಪನಿಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು.

“ಇದು ಚಾ,” ಎಂದು ಬೆರಳು ತೋರಿಸಿದ. “ಇದು ಅರಿಷಿಣ. ಮ್ಯಾಲ ಬಿದ್ದದ್ದು ಗ್ರೀಸು. ಇದು ಏನ್ ಮಾಡಿದ್ರೂ ಹೋಗಂಗಿಲ್ಲ.”

“ದುಡಿಯೋರ ಚಾ, ಮದುವಿ ಅರಿಷಿಣ, ಮಿಷನ್ನಿನ ಗ್ರೀಸು!” ಎಂದು ಅರುಣಕುಮಾರ್ ಕೂಗಿದ. “ನಮ್ಮ ಬಾಳ್ವೇನ ಒಂದು ಮಾತಿನಾಗ ಹೇಳಿಬಿಟ್ರು ನೋಡ್ರಿ!”

ಚಪ್ಪಾಳೆ. ಹುಡುಗಿ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಇಷ್ಟು ಸುಲಭವೆಂದು ಗೊತ್ತಿದ್ದರೆ ಇಷ್ಟು ವರ್ಷ ಬಟ್ಟೆ ಸೋಡಾದಲ್ಲಿ ಕೈ ಸುಟ್ಟುಕೊಳ್ಳುತ್ತಿರಲಿಲ್ಲ ಎಂದುಕೊಂಡು ಪಾಲಾಕ್ಷಪ್ಪ ಮುಂದಿನ ಚಿತ್ರಕ್ಕೆ ಸರಿದ.

ಅಲ್ಲಿ ಅವನ ಎಡಗಣ್ಣು ತಾನಾಗಿಯೇ ತೆರೆದುಕೊಂಡಿತು.

ಒಂದು ಮೇಜು. ಮೇಜಿನ ಮೇಲೆ ಮಣ್ಣಿನ ಗಡಿಗೆ, ಗಡಿಗೆಯ ಪಕ್ಕದಲ್ಲಿ ಬದನೆಕಾಯಿ. ಅವುಗಳ ಕೆಳಗೆ ಹಾಸಿ ಇಳಿಬಿಟ್ಟ ಒಂದು ಬಟ್ಟೆ. ಕೆಂಪು ಸೆರಗು. ಸೆರಗಿನ ಪಕ್ಕ ಯಾರೋ ಹಿಂದೊಮ್ಮೆ ಕೂತು ಎಳೆಗೆ ಎಳೆ ಕೂಡಿಸಿ ರಫು ಮಾಡಿದ ಜಾಗ. ಕೆಳಗೆ, ಚಿತ್ರದ ಬಲಮೂಲೆಯಲ್ಲಿ, ಚಿತ್ರಗಾರರು ಸಹಿ ಹಾಕುವಲ್ಲಿ, ಬಟ್ಟೆಯ ಅಂಚಿನ ಮೇಲೆ ಮೂರು ಚುಕ್ಕಿ ಮತ್ತು ಒಂದು ಗೀಟು.

ಆ ಚುಕ್ಕಿ, ಆ ಗೀಟು ಅವನ ಕೈಯವೇ. ಬಂದ ಬಟ್ಟೆ ಒಂದಕ್ಕೊಂದು ಬೆರೆಯಬಾರದೆಂದು ಮನೆಗೊಂದರಂತೆ ಲಾಂಡ್ರಿಯವರು ಅಳಿಸದ ಮಸಿಯಲ್ಲಿ ಹಾಕುವ ಗುರುತು. ಮೂರು ಚುಕ್ಕಿ, ಒಂದು ಗೀಟು ಅಂದರೆ ತಿಪ್ಪೇರುದ್ರಮ್ಮ.

ಚಿತ್ರ ಬರೆದವರು ಉಚ್ಚಂಗೆಪ್ಪ ಮಾಸ್ತರು. ಹರಪನಹಳ್ಳಿ ಕಡೆಯವರು, ಕೊಟ್ಟೂರಿನ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವರು, ಒಂಟಿ ಜೀವ, ಪಾಲಾಕ್ಷಪ್ಪನ ಗಿರಾಕಿ. ಈಗ ಎಲ್ಲವೂ ನೆನಪಾಯಿತು. ಆ ದಿನ ಲಾಂಡ್ರಿಯ ತುಂಬ ಜನ. ಪಾಲಾಕ್ಷಪ್ಪ ಧೋತರದ ವ್ಯಾಪಾರಿಯನ್ನು ಓಡಿಸುತ್ತಿದ್ದ. ಬಾಯಿ ಕಥೆಯಲ್ಲಿತ್ತು, ಕೈ ತನ್ನಷ್ಟಕ್ಕೆ ಮಾಸ್ತರರ ಬಟ್ಟೆಯ ಗಂಟು ಕಟ್ಟುತ್ತಿತ್ತು. ಗಂಟಿಗೆ ಸುತ್ತುವ ಹಳೆ ಬಟ್ಟೆಗೆಂದು ಚಾಚಿದ ಕೈಗೆ ಸಿಕ್ಕದ್ದು ಈ ಸೀರೆ. ವ್ಯಾಪಾರಿ ಹರಪನಹಳ್ಳಿ ಮುಟ್ಟುವ ಹೊತ್ತಿಗೆ ಸೀರೆ ಮಾಸ್ತರರ ಮನೆ ಮುಟ್ಟಿತ್ತು.

ಪಾಲಾಕ್ಷಪ್ಪ ಚಿತ್ರದ ಮುಂದೆ ನಿಂತೇ ಇದ್ದ. ಆ ಸೀರೆಯನ್ನು ಅವನೇ ತೊಳೆದಿದ್ದ, ಅವನೇ ಇಸ್ತ್ರಿ ಹಾಕಿದ್ದ. ರಫು ಮಾಡಿದ ಜಾಗ ಅವನ ಅಂಗೈ ಕೆಳಗೇ ಹಾದುಹೋಗಿತ್ತು. ಆಗ ಕಂಡಿರಲಿಲ್ಲ. ಈಗ, ಬಣ್ಣದಲ್ಲಿ, ಒಬ್ಬ ಮುದುಕಿ ದೀಪದ ಬುಡದಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿರುವುದು ಅವನಿಗೆ ಕಂಡಂತಾಯಿತು. ಚಿತ್ರದಲ್ಲಿ ಮುದುಕಿ ಎಲ್ಲೂ ಇರಲಿಲ್ಲ. ಬರೀ ಗಡಿಗೆ, ಬದನೆಕಾಯಿ. ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಅರ್ಧ ಮುದುಕಿಗಾಗಿ, ಇನ್ನರ್ಧ ತನಗಾಗಿ.

“ಸರ್ ಕಣ್ಣಾಗ ನೀರು ಬಂದೈತಿ,” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. “ಆ ಸಹಿ ನೋಡ್ರಿ. ಮೂರು ಚುಕ್ಕಿ ಅಂದ್ರ ಮೂರು ಲೋಕ ಇರಬೇಕು.”

ಮೊದಲ ಬಹುಮಾನ ಯಾರಿಗೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಉಚ್ಚಂಗೆಪ್ಪ ಮಾಸ್ತರು ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. “ಪಾಲಾಕ್ಷಪ್ನೋರೇ, ನನ್ನ ಚಿತ್ರದ ಮುಂದೆ ಇಷ್ಟು ಹೊತ್ತು ಯಾರೂ ನಿಂತಿರಲಿಲ್ಲ ಕಣ್ರೀ. ಇಂಥಾ ರಸಿಕರು ಇಸ್ತ್ರಿಪೆಟ್ಟಿಗೆ ಹಿಂದೆ ಅಡಗಿ ಕುಂತಿದ್ರಾ!”

ಮಾಸ್ತರರಿಗೆ ಮೆಲ್ಲನೆ ಕಿವಿಯಲ್ಲಿ ಹೇಳಿ, ಸಂಜೆ ಹೋಗಿ ಸೀರೆ ತಂದುಬಿಡುವುದು ಎಂದು ಪಾಲಾಕ್ಷಪ್ಪ ಲೆಕ್ಕ ಹಾಕಿದ. ಸೀರೆಯೂ ಉಳಿಯುತ್ತದೆ, ಶಾಲೂ ಉಳಿಯುತ್ತದೆ. ಅಷ್ಟರಲ್ಲಿ ಅರುಣಕುಮಾರ್ ಶಾಲು ಹೊದಿಸಿಯೇಬಿಟ್ಟ. ಒಳ್ಳೆಯ ಶಾಲು. ಅಂಚಿನಲ್ಲಿ ಕುಂಕುಮದ ಕಲೆಯಿತ್ತು; ಇದು ಇವನಿಗೂ ಮೊದಲು ಇನ್ನೊಬ್ಬ ಮಹನೀಯನ ಹೆಗಲು ಕಂಡದ್ದು. ಆದರೂ ಬೆಚ್ಚಗಿತ್ತು.

ಮೈಕು ಮುಂದೆ ಬಂತು. “ಸರ್, ಈ ಚಿತ್ರದಾಗ ತಾವು ಏನು ಕಂಡ್ರಿ? ನಮ್ಮ ಹುಡುಗರಿಗೆ ಎರಡು ಮಾತು.”

ಪಾಲಾಕ್ಷಪ್ಪ ಗಂಟಲು ಸರಿ ಮಾಡಿಕೊಂಡ. “ಗಡಿಗಿ, ಬದನಿಕಾಯಿ ಎಲ್ಲಾರಿಗೂ ಕಾಣ್ತಾವ,” ಎಂದು ಶುರು ಮಾಡಿದ. “ಕೆಳಗ ಬಟ್ಟಿ ಐತಲ್ಲ, ಅದನ್ನ ನೋಡಬೇಕು. ಅದರಾಗ ಒಬ್ಬ ತಾಯಿ ಅದಾಳ. ತಾಯಿ ಹಿಂದ ಮಗಳದಾಳ. ಮಗಳ ಹಿಂದ ಮೊಮ್ಮಗಳು...” ತನ್ನ ಮಾತು ತನಗೇ ರುಚಿಸಿತು. ಇನ್ನೆರಡು ವಾಕ್ಯ ಹೇಳಿದ್ದರೆ ಅವನನ್ನು ಮುಂದಿನ ವರ್ಷಕ್ಕೂ ಕರೆಯುತ್ತಿದ್ದರು. ಆದರೆ ರಸಿಕನಾದವನು ಚಿತ್ರಗಾರನನ್ನೂ ಒಂದು ಮಾತು ಕೇಳಬೇಕೆಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿಬಿಟ್ಟಿತು. “ಮಾಸ್ತರ, ಆ ಬಟ್ಟೀನ ನೀವು ಜ್ವಾಪಾನ ಇಟ್ಟಿರಬೇಕಲ್ಲ?”

“ಅದಾ?” ಮಾಸ್ತರು ಸಂತೋಷದಿಂದ ನಕ್ಕರು. “ಗಂಟು ಸುತ್ತಿ ಬಂದಿದ್ದ ಹಳೇ ಬಟ್ಟೆ ಕಣ್ರೀ ಅದು. ಇವತ್ತು ಮನೆಗೆ ಹೋದವನೇ ಹರಿದು ಕುಂಚ ಒರೆಸಾಕೆ ತುಂಡು ಮಾಡ್ಕಂತೀನಿ. ಚಿತ್ರ ಆತಲ್ಲ, ಇನ್ನೇನು ಕೆಲಸ ಅದಕ್ಕೆ?”

ಶಾಲು ಹೆಗಲಿನಿಂದ ಅರ್ಧ ಜಾರಿತು. ಪಾಲಾಕ್ಷಪ್ಪ ಅದನ್ನು ಎಳೆದುಕೊಳ್ಳಲು ಹೋಗಲಿಲ್ಲ.

“ಹೇಳ್ರಿ ಸರ್,” ಅರುಣಕುಮಾರ್ ಮೈಕನ್ನು ಇನ್ನೂ ಹತ್ತಿರ ಹಿಡಿದ. “ತಾಯಿ, ಮಗಳು, ಮೊಮ್ಮಗಳು. ಆ ಮೂರು ಚುಕ್ಕಿಗೆ ಅದ ಅರ್ಥ ಏನ್ರಿ?”

“ಅರ್ಥ ಏನಿಲ್ಲಪ್ಪ, ಅದು ನನ್ನ ಲಾಂಡ್ರಿ ಗುರುತು,” ಎಂದ ಪಾಲಾಕ್ಷಪ್ಪ. “ಗಿರಣಿ ತಿಪ್ಪೇರುದ್ರಮ್ಮನ ಸೀರಿ ಅದು, ನಾನ ತಪ್ಪಿ ಮಾಸ್ತರ ಗಂಟಿಗೆ ಸುತ್ತೀನಿ. ಮಾಸ್ತರ, ಹರೀಬ್ಯಾಡ್ರಿ, ಶುಕ್ರಾರ ಕುಬಸ ಐತಿ.”